ಊಟದ ಮೇಜಿನ ಮಾತು

ಭಾನುವಾರದ ಊಟಕ್ಕೆ ಮೈದುನ ಬಂದಿದ್ದ. ಅವನು ಸಿಗರೇಟಿನ ಸಗಟು ವ್ಯಾಪಾರಿ. ಮಾರಿದ್ದಕ್ಕಿಂತ ಸೇದಿದ್ದೇ ಹೆಚ್ಚು ಎಂದು ಮನೆಯವರು ಗೇಲಿ ಮಾಡುತ್ತಿದ್ದರು. ಅತ್ತಿಗೆ ದೇಶದ ಹಣಕಾಸು ಮಂತ್ರಿ. ಅವರ ಮೊದಲ ಬಜೆಟ್ಟಿಗೆ ಇನ್ನೊಂದೇ ವಾರವಿತ್ತು. ಗುಟ್ಟು ಹೊರಬೀಳಬಾರದೆಂದು ಭಾಷಣ ಅಚ್ಚು ಹಾಕುವವರನ್ನು ಫೋನ್ ಕಿತ್ತುಕೊಂಡು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು. ಬರೆದವರು ಮಾತ್ರ ಮನೆಯಲ್ಲಿ ಆರಾಮಾಗಿ ಊಟಕ್ಕೆ ಕೂತಿದ್ದರು.

ಊಟದ ನಡುವೆ ಮೈದುನ ಕೆಮ್ಮತೊಡಗಿದ. ನೀರು ಕುಡಿದರೂ ನಿಲ್ಲಲಿಲ್ಲ.

"ಆ ಹಾಳು ಸಿಗರೇಟು ಬಿಡೋ ಪುಣ್ಯಾತ್ಮ," ಎಂದು ಅತ್ತಿಗೆ ರೇಗಿದರು. "ಇನ್ನೊಂದು ವಾರ ಹೋಗ್ಲಿ, ಬೆಲೆ ಕೇಳಿದ್ರೆ ನೀನೇ ಬಿಡ್ತೀಯ."

ಬಾಯಿತಪ್ಪಿ ಬಂದ ಮಾತು. ಸಿಟ್ಟಿನಲ್ಲಿ ಅವರಿಗೆ ಅದರ ಅರಿವೂ ಆಗಲಿಲ್ಲ. ಮೈದುನನ ಕೆಮ್ಮು ಮಾತ್ರ ತಟ್ಟನೆ ನಿಂತಿತು.

ಬುಧವಾರ ಕಾರ್ಯದರ್ಶಿ ಬಂದು, ಪೇಟೆಯ ಸಿಗರೇಟನ್ನೆಲ್ಲ ಯಾರೋ ಬಾಚಿಕೊಂಡು ಹೋಗಿದ್ದಾರೆ ಎಂದರು. ಮಂತ್ರಿಗೆ ಭಾನುವಾರ ತಾವಾಡಿದ ಮಾತು ನೆನಪಾಯಿತು. ಮೈದುನನಿಗೆ ಫೋನ್ ಮಾಡಿದರು.

"ಎಲ್ಲಾ ನಿನ್ನ ಗೋದಾಮಲ್ಲಿದೆ, ಅಲ್ವಾ?"

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಅತ್ತಿಗೆ. ಮನೆಯವ್ರಿಗೆ ಇಷ್ಟೂ ಉಪಯೋಗ ಆಗ್ದಿದ್ರೆ ಮಂತ್ರಿಗಿರಿ ಯಾಕೆ ಹೇಳಿ?"

ಹಿಂದೆ ಅದೇ ಕುರ್ಚಿಯಲ್ಲಿದ್ದ ಒಬ್ಬರು ಕ್ಷೌರಿಕನ ಮುಂದೆ ಹೊಸ ತೆರಿಗೆಯ ಸುದ್ದಿ ಆಡಿ ಹುದ್ದೆ ಕಳೆದುಕೊಂಡಿದ್ದರು. ಇಲಾಖೆಗೆ ಹೊಸದಾಗಿ ಬಂದವರಿಗೆಲ್ಲ ಆ ಕಥೆ ಹೇಳುವುದು ವಾಡಿಕೆ. ಇವರೂ ಮೊದಲ ದಿನ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಈಗ ಆ ಮನುಷ್ಯನ ಮೇಲೆ ಮರುಕ ಹುಟ್ಟಿತು.

ನೇರವಾಗಿ ಪ್ರಧಾನಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದರು.

"ಸುಂಕ ಏರಿಸೋದನ್ನ ಕೈಬಿಡಿ, ಮುಗೀತು," ಎಂದರು ಪ್ರಧಾನಿ. "ಯಾರಿಗೆ ಗೊತ್ತಾಗತ್ತೆ?"

"ಆ ದುಡ್ಡು ಆಸ್ಪತ್ರೆಗಳಿಗೆ ಅಂತ ಇಟ್ಟಿದ್ದು ಸರ್. ನನ್ನ ನಾಲಿಗೆ ಜಾರಿದ್ದಕ್ಕೆ ರೋಗಿಗಳು ಯಾಕೆ ಅನುಭವಿಸ್ಬೇಕು? ಸುಂಕ ಇರ್ಲಿ, ನಾನು ಹೋಗ್ತೀನಿ. ಭಾಷಣಕ್ಕೆ ಒಂದು ಸಾಲು ಸೇರಿಸೋಕೆ ಮಾತ್ರ ಅವಕಾಶ ಕೊಡಿ."

ಆ ಭಾಷಣವನ್ನು ತಾವೇ ಓದಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಕಾರಿನಲ್ಲಿ ಮನೆಗೆ ಬರುವಾಗ ಅತ್ತರು.

ಬಜೆಟ್ ದಿನ ಸಮಾಧಾನ ಹೇಳಲು ಮೈದುನ ಬಂದ. ಬಾಯಲ್ಲಿ ಅಯ್ಯೋ ಪಾಪ ಎನ್ನುತ್ತಿದ್ದರೂ ಮುಖದಲ್ಲಿ ಲಾಭದ ಕಳೆಯಿತ್ತು. ಟಿವಿಯಲ್ಲಿ ಹೊಸ ಮಂತ್ರಿ ಸಿಗರೇಟಿನ ಸುಂಕದ ಏರಿಕೆಯನ್ನು ಓದಿ, ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು: "ವ್ಯಾಪಾರಿಗಳ ಗೋದಾಮುಗಳಲ್ಲಿ ಈಗಾಗಲೇ ಇರುವ ದಾಸ್ತಾನಿಗೂ ಇದು ಅನ್ವಯಿಸುತ್ತದೆ."

ಮೈದುನನ ಮುಖ ಬಿಳಿಚಿಕೊಂಡಿತು.

"ಈ ಸಾಲು... ಇದನ್ನ ಯಾರು ಬರ್ದಿದ್ದು ಅತ್ತಿಗೆ?"

"ನಾನೇ ಕಣೋ," ಎಂದರು ಅವರು. "ಮಂತ್ರಿಯಾಗಿ ಕೊನೆಗೆ ಮಾಡಿದ ಕೆಲಸ."