ಹೊರಡುವಾಗ ಆಡಬಾರದ ಮಾತು

ನಮ್ಮ ಚೀನೀ ಹೊಸ ವರ್ಷದ ಹಬ್ಬದ ಮುಂಚಿನ ವಾರ ನನ್ನ ಕೈಗೆ ಬರುವ ಬೈಕುಗಳೆಲ್ಲ ಒಂದೇ ಥರ. ಮುಂದೆ ಗಂಡ, ಹಿಂದೆ ಹೆಂಡತಿ, ಅವಳ ಬೆನ್ನಿಗೆ ಹಗ್ಗ ಬಿಗಿದ ಚೀಲಗಳು. ಎದೆಗೆ ಗಾಳಿ ಹೊಡೆಯದಿರಲೆಂದು ಅಂಗಿಯೊಳಗೆ ರಟ್ಟು, ಕಾಲಿಗೆ ಸುತ್ತಿದ ಪ್ಲಾಸ್ಟಿಕ್. ಫೋಶಾನಿನ ಕಾರ್ಖಾನೆಗಳಿಗೆ ಬೀಗ ಬಿದ್ದ ಕೂಡಲೇ ತಮ್ಮೂರುಗಳಿಗೆ ಹೊರಟು, ಬೆಳಗಾಗುವಷ್ಟರಲ್ಲಿ ವೂಚೌ ಊರಾಚೆ ದಾರಿಹೋಕರಿಗೆಂದು ಹಾಕಿದ ನಮ್ಮ ಚಪ್ಪರ ಮುಟ್ಟುತ್ತಾರೆ. ಗಂಜಿ, ಶುಂಠಿ ಕಷಾಯ ಕೊಡುವವರು ಕೊಡುತ್ತಾರೆ. ನಾನು ಬೈಕು ನೋಡುತ್ತೇನೆ. ಚೈನಿಗೆ ಎಣ್ಣೆ, ಬ್ರೇಕಿಗೆ ಬಿಗಿ, ಜೊತೆಗೆ ಒಂದೆರಡು ಒಳ್ಳೆಯ ಮಾತು. ಹೆಚ್ಚಿನವರಿಗೆ ಅಷ್ಟೇ ಸಾಕು.

ಆ ವರ್ಷ ಹಬ್ಬದ ಊಟಕ್ಕೆ ಒಂದೇ ದಿನ ಉಳಿದಿದ್ದಾಗ ಒಂದು ಕೆಂಪು ಬೈಕು ಬಂತು. ಕಣ್ಣಿಗೆ ಬೀಳುವ ಮೊದಲೇ ಅದು ಕಿವಿಗೆ ಬಿದ್ದಿತ್ತು. ಸವಾರ ಮೂವತ್ತೈದರ ಆಸುಪಾಸಿನವನು, ಹೆಸರು ವೇ ಗಾಂಗ್‌ಶೆಂಗ್. ಹಿಂದೆ ಕೂತಿದ್ದ ಹೆಂಡತಿ ಯಾನ್‌ಫೆಂಗ್ ಇಳಿದವಳೇ ಎರಡೂ ಮಂಡಿ ಉಜ್ಜಿಕೊಳ್ಳತೊಡಗಿದಳು.

"ಚಿನ್ ಅಕ್ಕ ಅಂದ್ರೆ ನೀವೇನಾ? ಚೈನ್ ಸ್ವಲ್ಪ ಬಿಗಿ ಮಾಡ್ಕೊಡಿ. ಬೇರೇನಿಲ್ಲ," ಅಂದ.

"ಬೇರೇನಿಲ್ವಾ? ಮತ್ತೆ ಒಳಗಡೆಯಿಂದ ಬಾಗಿಲು ತಟ್ತಿರೋದು ಯಾರಪ್ಪಾ?"

"ಟ್ಯಾಪೆಟ್ ಸದ್ದು ಅಕ್ಕ. ವಯಸ್ಸಾಯ್ತಲ್ಲ, ಗೊಣಗತ್ತೆ. ನಮ್ಮಮ್ಮನ ಥರ."

ನಾನು ನಕ್ಕೆ. ಯಾನ್‌ಫೆಂಗ್ ನಗಲಿಲ್ಲ.

ವಾಲ್ವು ಒತ್ತುವ ಟ್ಯಾಪೆಟ್ಟಿನ ಸದ್ದು ಮೇಲಿನದು, ತೆಳುವಾದದ್ದು. ಸ್ವೆಟರ್ ಹೆಣೆಯುವ ಕಡ್ಡಿಗಳು ತಾಗಿದ ಹಾಗೆ. ಪಿಸ್ಟನ್ ಸಡಿಲವಿದ್ದರೆ ಎಂಜಿನ್ ತಣ್ಣಗಿರುವಾಗ ಬಡಿಯುತ್ತದೆ, ಕಾದ ಮೇಲೆ ಸುಮ್ಮನಾಗುತ್ತದೆ. ಇವನ ಬೈಕು ಆರೇಳು ಗಂಟೆ ಓಡಿ ಕಾದು ಕೆಂಡವಾಗಿತ್ತು, ಆದರೂ ಬಡಿಯುತ್ತಲೇ ಇತ್ತು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಎಂಜಿನ್ನಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಕೊಟ್ಟು ಕೇಳಿದೆ. ಮೇಲೆ ಅಂಥದ್ದೇನೂ ಇರಲಿಲ್ಲ. ತುದಿಯನ್ನು ಕೆಳಗಿನ ಹೊಟ್ಟೆಗೆ ಇಳಿಸಿದೆ. ಅಲ್ಲಿತ್ತು. ರಜಾಯಿಯೊಳಗೆ ಒನಕೆ ಕುಟ್ಟಿದಂಥ ಮಂಕು ಸದ್ದು. ಆಕ್ಸಿಲರೇಟರ್ ಏರಿಸಿ ಬಿಟ್ಟೆ. ಬಿಟ್ಟ ಗಳಿಗೆಯಲ್ಲೇ ಇನ್ನೂ ಜೋರಾಗಿ ಬಡಿಯಿತು.

ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಬೆಲ್ಲದ ಪಾಕದ ಹಾಗೆ ಎಳೆ ಬಂತು.

"ಚಳಿಗಾಲದಲ್ಲಿ ಇಷ್ಟು ಗಟ್ಟಿ ಎಣ್ಣೆ ಯಾಕೆ ತಮ್ಮ?"

"ಅಂಗಡಿಯವನು ಕೊಟ್ಟ, ಹಾಕ್ದೆ," ಎಂದು ಕಷಾಯದ ಹಂಡೆಯ ಕಡೆ ನೋಡಿದ. ಇಂಥ ಎಣ್ಣೆಯನ್ನು ಯಾರೂ ಸುಮ್ಮನೆ ಹಾಕಿಸುವುದಿಲ್ಲ. ಸದ್ದು ಕೇಳಿದವನು, ಅದರ ಬಾಯಿ ಕಟ್ಟಬೇಕೆಂದಿರುವವನು ಹಾಕಿಸುತ್ತಾನೆ.

ಅಲ್ಲಿಯವರೆಗೆ ನನ್ನ ಕೆಲಸ ಸರಿಯಾಗಿತ್ತು. ತಪ್ಪಿದ್ದು ಆಮೇಲೆ. ಹಬ್ಬದ ಹೊಸ್ತಿಲಲ್ಲಿ 'ಕೆಟ್ಟಿತು', 'ಮುರಿಯಿತು', 'ಸತ್ತಿತು' ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ದಾರಿ ಹಿಡಿದವರ ಮುಂದಂತೂ ಇಲ್ಲವೇ ಇಲ್ಲ. ಬಟ್ಟಲು ಬಿದ್ದು ಒಡೆದರೂ 'ವರ್ಷವಿಡೀ ಕ್ಷೇಮ' ಎಂದೇ ಚೂರು ಆಯುತ್ತೇವೆ. ಐವತ್ತಾರು ವರ್ಷ ಹಾಗೆ ಬಾಳಿದ ನಾಲಿಗೆ ಒಂದೇ ಬೆಳಿಗ್ಗೆಯಲ್ಲಿ ತಿರುಗೀತೇ?

"ಇದಕ್ಕೆ ಬಹಳ ಸುಸ್ತಾಗಿದೆ ತಮ್ಮ," ಅಂದೆ.

"ನಿಧಾನಕ್ಕೆ ಹೋದ್ರೆ ಆಗತ್ತಲ್ವಾ ಅಕ್ಕ?"

"ನಿಧಾನಕ್ಕೆ ಹೋದ್ರೆ ಒಳ್ಳೇದೇ."

ಅವನಿಗೆ ಬೇಕಿದ್ದದ್ದೂ ಅಷ್ಟೇ. ನಾನು ಮುಂದಿನ ಬೈಕಿಗೆ ಹೋದೆ. ಅದು ಮೋ ಎಂಬ ಗಟ್ಟಿಗಿತ್ತಿಯದು. ಕಾರ್ಖಾನೆಯೊಂದರಲ್ಲಿ ಅಡುಗೆಯವಳು, ಪ್ರತಿವರ್ಷ ಒಬ್ಬಳೇ ಬೈಕು ಹೊಡೆದುಕೊಂಡು ಬರುವವಳು. ಹಿಂದಿನ ಸೀಟಿನಲ್ಲಿ ಅವಳ ತಾಯಿಗೆಂದು ಕೊಂಡ ರಜಾಯಿಯ ಮೂಟೆ ಇತ್ತು. ಅವಳ ಬ್ರೇಕು ಬಿಗಿಮಾಡುತ್ತಿದ್ದಾಗ ಸೀಟಿ ಊದಿತು. ಒಟ್ಟಾಗಿ ಹೋಗುವ ಇಪ್ಪತ್ತು ಬೈಕುಗಳ ಗುಂಪು ಹೊರಟಿತ್ತು. ತಲೆಯೆತ್ತಿದೆ. ಗಾಂಗ್‌ಶೆಂಗ್ ಬೈಕು ಶುರುಮಾಡಿದ್ದ. ಹಿಂದೆ ಯಾನ್‌ಫೆಂಗ್ ಮಂಡಿಗಳನ್ನು ಬಿಗಿಯಾಗಿ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಆ ಹೆಂಗಸಿಗೂ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು.

ಬ್ರೇಕು ಬಿಗಿಮಾಡುತ್ತಿದ್ದ ಪಾನಾ ಅಲ್ಲೇ ಬಿಸಾಕಿ ಓಡಿಹೋಗಿ ಅವನ ಮುಂದಿನ ಚಕ್ರಕ್ಕೆ ಕಾಲು ಕೊಟ್ಟು ನಿಂತೆ.

"ಇಳಿ."

"ಏನಕ್ಕ? ಎಲ್ರೂ ಹೊರಟ್ರು."

"ಈ ಎಂಜಿನ್ ಸಾಯ್ತಾ ಇದೆ. ಕ್ರ್ಯಾಂಕಿನ ಬೇರಿಂಗ್ ಮುರಿದಿದೆ. ಲ್ಯೂಚೌ ದಾಟಿ ಗುಡ್ಡ ಇಳಿಯೋವಾಗ ಎಂಜಿನ್ ಬಿಗಿದು ಹಿಡ್ಕೊಂಡ್ರೆ ಹಿಂದಿನ ಚಕ್ರ ತಿರುಗೋದೇ ಇಲ್ಲ. ಇಬ್ರೂ ಸತ್ತೋಗ್ತೀರಿ."

ಗಂಜಿ ಬಡಿಸುವವಳ ಸೌಟು ಗಾಳಿಯಲ್ಲೇ ನಿಂತಿತು. ಮೊದಲು ಬಾಯಿಬಿಟ್ಟವಳು ಮೋ. ನೆಲಕ್ಕೆ ಮೂರು ಸಲ ಉಗುಳಿದಳು.

"ಥೂ, ಥೂ, ಥೂ! ಬಾಯಿ ತೊಳ್ಕೊಳ್ಳೇ ಚಿನ್! ದಾರಿ ಹಿಡಿದವರ ಮುಖದ ಮೇಲೆ ಆಡೋ ಮಾತಾ ಅದು?"

ಗಾಂಗ್‌ಶೆಂಗನ ಮುಖ ಕೆಂಪಾಯಿತು. "ಎರಡು ಹಬ್ಬ ಊರು ನೋಡಿಲ್ಲ ನಾನು. ಮಗಳಿಗೆ ಏಳು ವರ್ಷ. ನನ್ನನ್ನ ಅಪ್ಪ ಅನ್ನಲ್ಲ ಅವಳು, 'ಫೋನಲ್ಲಿ ಬರೋರು' ಅಂತಾಳೆ. ಈ ಸಲಾನೂ ಹೋಗ್ದಿದ್ರೆ ಇನ್ಯಾವಾಗ? ಸರೀರಿ ಪಕ್ಕಕ್ಕೆ."

"ಸರೀತೀನಿ. ಹತ್ತು ನಿಮಿಷ ಕೊಡು. ನನ್ನ ಮಾತು ಸುಳ್ಳಾದ್ರೆ ನಿನ್ನ ಮುಂದೇನೇ ಬಾಯಿ ತೊಳ್ಕೋತೀನಿ."

ಗಂಜಿಯ ಬಿಳಿ ಬಟ್ಟಲನ್ನು ಎಂಜಿನ್ನಿನ ಕೆಳಗಿಟ್ಟು ಎಣ್ಣೆಯ ಬೋಲ್ಟು ಬಿಚ್ಚಿದೆ. ಗಟ್ಟಿ ಎಣ್ಣೆ, ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಗುಂಪು ಹೊರಟುಹೋಯಿತು. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಬಟ್ಟಲಿನಲ್ಲಿ ಅದ್ದಿ ಎತ್ತಿ ಅವನ ಕೈಗೆ ಕೊಟ್ಟೆ. ಅದರ ಸುತ್ತ ಉಕ್ಕಿನ ಪುಡಿ ಮುದುಕನ ಗಡ್ಡದ ಹಾಗೆ ಬೆಳೆದಿತ್ತು. ಒಂದೆರಡು ಚೂರು ಅಕ್ಕಿನುಚ್ಚಿನಷ್ಟು ದಪ್ಪ.

ಅವನು ಒಂದು ಚೂರನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ. ಮಾತಾಡಿದವಳು ಯಾನ್‌ಫೆಂಗ್.

"ಫೋಶಾನ್ ಬಿಟ್ಟು ಮೊದಲನೇ ಸೇತುವೆ ಹತ್ತೋವಾಗ್ಲೇ ಮಂಡಿಗೆ ಬಡೀತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೊರಡೋ ಹೊತ್ತಲ್ಲಿ ಅಂಥ ಮಾತು ಹ್ಯಾಗೆ ಆಡ್ಲಿ? ನೀನೇ ನಿಲ್ಲಿಸ್ತೀಯ ಅಂತ ಕಾದೆ. ಪ್ರತಿ ಬಂಕಲ್ಲೂ ಕಾದೆ."

ಗಾಂಗ್‌ಶೆಂಗ್ ಆಯಸ್ಕಾಂತವನ್ನು ಬಟ್ಟಲಿಗೆ ಹಾಕಿದ. "ನಂಗೆ ಹೋದ ವಾರಾನೇ ಗೊತ್ತಿತ್ತು. ನಿನಗೆ ಕೇಳಿಸ್ದೇ ಇರ್ಲಿ ಅಂತ ಆ ಎಣ್ಣೆ ಹಾಕ್ದೆ."

ಇಬ್ಬರನ್ನೂ ಬೈಯಲು ನನಗೆ ಬಾಯಿರಲಿಲ್ಲ. ಅರ್ಧ ಗಂಟೆಯ ಹಿಂದೆ ನಾನು ಮಾಡಿದ್ದೂ ಅದನ್ನೇ.

ಬಸ್ಸುಗಳಲ್ಲಿ ನಿಲ್ಲುವ ಜಾಗವೂ ಇರಲಿಲ್ಲ. ಬಿಡಿಭಾಗದ ಅಂಗಡಿಗಳು ಹಬ್ಬದ ಆರನೇ ದಿನದವರೆಗೆ ತೆಗೆಯುವುದಿಲ್ಲ. ಅವರ ಊರು ರೊಂಗ್‌ಆನ್, ಇನ್ನೂ ಒಂದೂವರೆ ದಿನದ ದಾರಿ. ಮೋ ಇದನ್ನೆಲ್ಲ ಕೇಳುತ್ತ ನಿಂತಿದ್ದವಳು ಏನನ್ನೋ ಗೊಣಗುತ್ತ ಹೋಗಿ, ತನ್ನ ಹಿಂದಿನ ಸೀಟಿನ ಹಗ್ಗ ಬಿಚ್ಚತೊಡಗಿದಳು.

"ನಂದೂ ರೊಂಗ್‌ಆನ್ ದಾರೀನೇ. ಒಬ್ಬಳನ್ನ ಕೂರಿಸ್ಕೋತೀನಿ, ಇಬ್ಬರಿಗೆ ಆಗಲ್ಲ. ಏ ತಮ್ಮ, ಈ ರಜಾಯಿ ನೀನು ಬರೋವಾಗ ತಗೊಂಡ್ಬಾ. ಇಲಿ ಕಚ್ಚಿದ್ರೆ ನಿನ್ನ ಚರ್ಮ ಸುಲಿದು ತೇಪೆ ಹಾಕ್ತೀನಿ."

ಯಾನ್‌ಫೆಂಗ್ ಗಂಡನನ್ನು ನೋಡಿದಳು. "ನೀನೇ ಹೋಗು. ಅವಳು ನಿನ್ನನ್ನ ಮರೀತಿದಾಳೆ."

"ನಿನ್ನನ್ನೂ ಮರೀಬೇಕಾ? ಹತ್ತು," ಎಂದ. ಮರುಕ್ಷಣ ಹೆಂಡತಿಯ ತೋಳು ಹಿಡಿದು ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಕ್ಕ, ಆ ಗಾಡೀನೂ ಒಂದ್ಸಲ ಕೇಳಿ ನೋಡಿ."

"ನನ್ನ ಗಾಡಿಗೇನು ಬಂದಿದೆ ರೋಗ?" ಮೋ ಗದರಿದಳು. ಆದರೂ ತಾನೇ ಎಂಜಿನ್ ಶುರುಮಾಡಿ ಪಕ್ಕಕ್ಕೆ ಸರಿದಳು.

ಸ್ಕ್ರೂಡ್ರೈವರ್ ಇಟ್ಟು ಮೇಲೆ ಕೇಳಿದೆ, ಕೆಳಗೆ ಕೇಳಿದೆ. ಯಾನ್‌ಫೆಂಗಳನ್ನು ಹಿಂದೆ ಕೂರಿಸಿ, ಆ ಭಾರದ ಸಮೇತ ದಿಬ್ಬ ಹತ್ತಿಸಿ ಮತ್ತೆ ಕೇಳಿದೆ.

"ಹೊಟ್ಟೆ ಗಟ್ಟಿಯಾಗಿದೆ. ಒಂದು ಟ್ಯಾಪೆಟ್ ಸಡಿಲ. ಅದನ್ನೂ ಅರ್ಧಕ್ಕೆ ಬಿಟ್ಟ ಬ್ರೇಕನ್ನೂ ಈಗಲೇ ಸರಿಮಾಡ್ತೀನಿ."

"ನಿಜ ಹೇಳ್ತಿದೀರಿ ತಾನೇ?"

"ಇವತ್ತಿನ ಸುಳ್ಳು ಬೆಳಿಗ್ಗೇನೇ ಮುಗೀತು ತಮ್ಮ."

ಅವರಿಬ್ಬರೂ ಮಂಜಿನೊಳಗೆ ಹೋದ ಮೇಲೂ ಆ ಬೈಕಿನ ಸದ್ದು ಕೇಳಿಸುವಷ್ಟು ಹೊತ್ತು ಅವನು ರಸ್ತೆಯಂಚಿನಲ್ಲಿ ನಿಂತಿದ್ದ.

ಮರುದಿನ ನನ್ನ ಅಂಗಡಿಯಲ್ಲಿ ಇಬ್ಬರೂ ಸೇರಿ ಎಂಜಿನ್ ಬಿಚ್ಚಿದೆವು. ಬೇರಿಂಗಿನ ಬಳೆ ಮೂರು ತುಂಡಾಗಿತ್ತು. ಅದು ಕೂರುವ ಉಕ್ಕು ಕಾದು ನೀಲಿಗಟ್ಟಿತ್ತು. ಅವನು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತೇ ಇದ್ದ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಅವನು ಐದು ನಿಮಿಷಕ್ಕೊಮ್ಮೆ ಫೋನ್ ಒರೆಸುವುದು, ನಾನು ನೋಡದವಳ ಹಾಗೆ ಇರುವುದು. ಆ ಹಾದಿಗೆ ಯಾನ್‌ಫೆಂಗಳನ್ನು ಹತ್ತಿಸಿದ್ದು ನನ್ನ ಕಿವಿಯ ಮೇಲಿನ ನಂಬಿಕೆ. ನನಗೂ ಅನ್ನ ಸೇರಲಿಲ್ಲ.

ಊರಲ್ಲಿ ಪಟಾಕಿ ಶುರುವಾಗುವ ಹೊತ್ತಿಗೆ ಫೋನ್ ಬಂತು. ಮೊದಲು ಯಾನ್‌ಫೆಂಗಳ ದನಿ, ಮುಟ್ಟಿದೆವು ಎಂದು. ಆಮೇಲೆ ಮಗಳ ಪುಟ್ಟ ದನಿ 'ಅಪ್ಪಾ' ಎಂದು ಶುರುಮಾಡಿ ಏನೋ ಕೇಳಿತು. ಅವನು ಗೋಡೆಯ ಕಡೆ ತಿರುಗಿದ. ಭುಜ ಅಲುಗುತ್ತಿತ್ತು.

ನಾನು ಪಾನಾಗಳನ್ನೆಲ್ಲ ಸೀಮೆಎಣ್ಣೆಯ ತಗಡಿನ ಬೋಗುಣಿಗೆ ಸುರಿದು, ಬೇಕೆಂದೇ ಗಲಗಲ ಅಲ್ಲಾಡಿಸಿ ತೊಳೆಯತೊಡಗಿದೆ.