ಏಸಾನ ಬೆನ್ನುನೋವು

ಶೆರೀಫನ ಕಾರು ನಮ್ಮ ಮನೆಯ ಮುಂದೆ ನಿಂತಾಗ ನಾನು ಹಂದಿಮೂಳೆ ಹಾಕಿ ಸೊಪ್ಪು ಬೇಯಿಸುತ್ತಿದ್ದೆ. ಸಾವಿರದ ಒಂಬೈನೂರ ಐವತ್ತನಾಲ್ಕರ ಜಾರ್ಜಿಯಾದಲ್ಲಿ, ಕರಿಯರ ಬೀದಿಯಲ್ಲಿ ಆ ಕಾರು ನಿಂತರೆ ಯಾರು ಬಂದರು ಎಂದು ಯಾರೂ ಕೇಳುವುದಿಲ್ಲ. ಯಾರನ್ನು ಒಯ್ಯಲು ಬಂದರು ಎಂದು ಕೇಳುತ್ತಾರೆ.

ಇಳಿದವನು ಶೆರೀಫನ ಕೈಕೆಳಗಿನ ಡೆಪ್ಯುಟಿ ರಕರ್. ಹೊಸಿಲು ದಾಟಿ ಒಳಗೇ ಬಂದ. "ಏಸಾ ಪಿಟ್‌ಮನ್ ಅನ್ನೋನು ನಿನ್ನ ಗಂಡನೇನೇ?"

ಹಿತ್ತಿಲಿನಿಂದ ಏಸಾ ಸೊಂಟ ಹಿಡಿದುಕೊಂಡು ಬಂದ. ಮಿಲ್ಲಿನಲ್ಲಿ ದಿಮ್ಮಿ ಉರುಳಿ ಬಿದ್ದಂದಿನಿಂದ ಅವನು ನಡೆಯುವುದೇ ಹಾಗೆ. "ನಾನೇ ಸಾಹೇಬ್ರೆ."

"ಥತ್! ಆ ಬಿಳೀ ಪಿಟ್‌ಮನ್‌ಗಳ ಮನೆಗೆ ಹೋಗಿ ಮಂಗ ಆಗ್ಬಿಟ್ಟೆ ಕಣೋ. ನಮ್ಮಲ್ಲಿ ಏಸಾ ಅಂತ ಯಾರೂ ಇಲ್ಲಪ್ಪ ಅಂದ್ರು." ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟ. "ಸೋಮವಾರ ಕೋರ್ಟಿಗೆ ಬಾ. ಜ್ಯೂರಿಗೆ ನಿನ್ನ ಹೆಸರು ಬಂದಿದೆ."

ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಜ್ಯೂರಿಯಲ್ಲಿ ಕೂತು ತೀರ್ಪು ಹೇಳುವವರನ್ನು ನಮ್ಮ ಕೌಂಟಿಯಲ್ಲಿ ಹೇಗೆ ಆರಿಸುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ತೆರಿಗೆ ಕಟ್ಟುವವರ ಹೆಸರನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವುದು, ಜಡ್ಜ್ ಸಾಹೇಬರು ಕೈಹಾಕಿ ತೆಗೆಯುವುದು. ಬಿಳಿಯರ ಹೆಸರು ಬಿಳಿ ಚೀಟಿಯಲ್ಲಿ, ನಮ್ಮದು ಹಳದಿಯಲ್ಲಿ. ಸಾಹೇಬರು ಚಾವಣಿ ನೋಡುತ್ತಲೇ ಕೈಹಾಕುತ್ತಿದ್ದರು. ಆದರೂ ಅವರ ಜೀವಮಾನದಲ್ಲಿ ಒಂದು ಹಳದಿ ಚೀಟಿಯೂ ಬೆರಳಿಗೆ ಸಿಕ್ಕಿರಲಿಲ್ಲ. ಎಂಥ ಪುಣ್ಯವಂತ ಬೆರಳು! ಹೋದ ವರ್ಷ ಬೇರೆ ಕೌಂಟಿಯವನೊಬ್ಬನ ಕೇಸಿನಲ್ಲಿ ವಾಷಿಂಗ್ಟನ್ನಿನ ದೊಡ್ಡ ಕೋರ್ಟು ಈ ಬಣ್ಣದಾಟ ನಡೆಯದೆಂದು ಹೇಳಿತು. ನಮ್ಮವರು ಗೊಣಗುತ್ತಾ ಎಲ್ಲರ ಹೆಸರನ್ನೂ ಬಿಳಿ ಕಾಗದಕ್ಕೆ ಇಳಿಸಿದರು. ಈಗ ಪಿಟ್‌ಮನ್ ಎಂದು ಕಂಡದ್ದೇ ತಡ, ದೊಡ್ಡಮನೆಯ ಪಿಟ್‌ಮನ್ ಎಂದುಕೊಂಡು ಕೂಗಿಬಿಟ್ಟಿದ್ದರು. ಏಸಾನ ಮುತ್ತಜ್ಜನನ್ನು ಆ ಮನೆಯವರು ಕೊಂಡುಕೊಂಡಿದ್ದರು. ಹೆಸರು ಹಾಗೆ ಬಂದದ್ದು.

"ಗಾಬರಿ ಆಗ್ಬೇಡ," ಎಂದ ರಕರ್. "ಬಂದು ಬೆನ್ನುನೋವು ಅಂತ ಹೇಳು, ಬಿಟ್ಬಿಡ್ತಾರೆ. ಸುಮ್ನೆ ಎಲ್ರಿಗೂ ಯಾಕೆ ತಲೆನೋವು?" ಕಿಟಕಿಯ ಬಳಿಯ ಕುರ್ಚಿಯ ಮೇಲೆ ಅವನ ಕಣ್ಣು ಬಿತ್ತು. ಏಸಾ ತನ್ನ ಬೆನ್ನಿಗೆ ಹೊಂದುವಂತೆ ತಾನೇ ಮಾಡಿಕೊಂಡ ಎತ್ತರದ ಕುರ್ಚಿ. ನಾನು ಹೊಲಿದ ದಿಂಬು ಅದರ ಮೇಲಿತ್ತು. "ಒಳ್ಳೇ ಕುರ್ಚಿ ಕಣೋ. ನಿನ್ನಂಥವ್ರಿಗೆ ಮನೇನೇ ವಾಸಿ."

ಕೇಸು ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ನಮ್ಮ ಚರ್ಚಿನ ವೆಂಡಲ್ ಗೇನ್ಸ್ ಎಂಬ ಯುವಕ ಬಿಳಿಯ ಅಂಗಡಿಯವನಿಗೆ ಹೊಡೆದು ದೋಚಿದನಂತೆ. ತಾನು ಆ ಕಡೆ ಹೋಗಿಯೇ ಇರಲಿಲ್ಲ ಎಂದು ಅವನು ಹೇಳುತ್ತಿದ್ದ. ತಪ್ಪಿತಸ್ಥ ಎಂದರೆ ಅವನ ಜೀವಕ್ಕೇ ಕುತ್ತು.

ಶನಿವಾರ ಏಸಾ ಕೆಲಸ ಮಾಡುವ ಮಿಲ್ಲಿನ ಮಾಲೀಕ ಕ್ರಮ್ಲಿ ಬಂದ. ಕಾರಿನಿಂದ ಇಳಿಯಲಿಲ್ಲ, ಹಾರನ್ ಬಾರಿಸಿ ಕರೆದ. "ಬೆನ್ನು ಹೇಗಿದೆ ಏಸಾ?"

"ಹಾಗೇ ಇದೆ ಧಣಿ."

"ಸೋಮವಾರದ ಹೊತ್ಗೆ ಇನ್ನೂ ಜಾಸ್ತಿ ಆಗುತ್ತೆ ಅನ್ಸುತ್ತೆ ನನಗೆ. ಜಡ್ಜ್ ಹತ್ರಾನೂ ಹೇಳಿದ್ದೀನಿ." ನಕ್ಕು ಹೊರಟುಹೋದ. ಅವನು ಹೋದ ಮೇಲೆ ಒಂದು ಹಸಿರು ಟ್ರಕ್ಕು ನಮ್ಮ ಬೀದಿಯಲ್ಲಿ ಮೆಲ್ಲಗೆ ಹೋಯಿತು, ತಿರುಗಿ ಬಂತು. ಒಳಗಿದ್ದವರು ನಮ್ಮ ಮನೆಯನ್ನೇ ನೋಡುತ್ತಿದ್ದರು.

ಭಾನುವಾರ ಚರ್ಚಿನಿಂದ ಬಂದ ಮೇಲೆ ನಾನು ಏಸಾನ ಮೇಲೆ ಹರಿಹಾಯ್ದೆ. "ಸುಳ್ಳೂ ಹೇಳ್ಬೇಕಾಗಿಲ್ವಲ್ಲೋ ಮಾರಾಯ! ಒಂದು ಗಂಟೆ ಕೂತ್ರೆ ಎದ್ದೇಳೋಕೆ ನನ್ನ ಭುಜ ಬೇಕು ನಿಂಗೆ. ನೋವು ಅಂತ ಹೇಳು, ಮನೆಗೆ ಬಾ. ದೇವರೂ ತಪ್ಪು ಅನ್ನಲ್ಲ."

"ವೆಂಡಲ್‌ನ ಅಮ್ಮ ಚರ್ಚಲ್ಲಿ ನನ್ನ ಮುಖ ನೋಡಿದ್ಳು ವರ್ಡೆಲ್," ಎಂದ. "ಏನೂ ಕೇಳ್ಲಿಲ್ಲ. ಕೇಳಿದ್ರೆ ಬೈದು ಕಳಿಸ್ಬಿಡ್ತಿದ್ದೆ."

"ಅವಳಿಗೆ ಮಗನ ಚಿಂತೆ. ನಂಗೆ ನೀನು ಒಬ್ನೇ," ಎಂದೆ. ಅಂದು ಮಾಡಿದ ಮೆಕ್ಕೆಜೋಳದ ರೊಟ್ಟಿಯನ್ನು ಇಬ್ಬರೂ ಮುಟ್ಟಲಿಲ್ಲ.

ಸೋಮವಾರ ನಾನೂ ಹೋದೆ. ನಮ್ಮವರಿಗೆ ಜಾಗ ಮೇಲಿನ ಅಟ್ಟದಲ್ಲಿ. ಏಸಾ ಎಂದರೆ ಅಲ್ಲಿಂದ ನನಗೆ ಕಾಣುತ್ತಿದ್ದುದು ಅವನ ನೆತ್ತಿ, ಕೈಯಲ್ಲಿ ಹಿಡಿದ ಟೋಪಿ ಮಾತ್ರ. ಅವನ ಹೆಸರು ಕೂಗಿದಾಗ ಕೆಳಗೆ ಕೂತಿದ್ದ ಬಿಳಿಯರೆಲ್ಲ ಒಟ್ಟಿಗೆ ತಿರುಗಿದರು.

ಜಡ್ಜ್ ಮೃದುವಾಗಿಯೇ ಕೇಳಿದರು. "ಏಸಾ, ನಿನಗೆ ಬೆನ್ನುನೋವಂತೆ. ದಿನವಿಡೀ ಕೂರೋಕಾಗಲ್ಲ, ಅಲ್ವೇ?"

ಹೂಂ ಅನ್ನು, ಹೂಂ ಅನ್ನು ಎಂದು ನಾನು ಮೇಲಿನಿಂದ ಮನಸ್ಸಿನಲ್ಲೇ ಬೇಡಿಕೊಂಡೆ. ಕಟಕಟೆಯ ಹಿಂದೆ ನಿಂತಿದ್ದ ರಕರ್ ಆಗಲೇ ಬಾಗಿಲಿನ ಕಡೆ ಕೈತೋರಿಸುತ್ತಿದ್ದ.

"ನೋವಿರೋದು ನಿಜ ಸ್ವಾಮಿ," ಎಂದ ಏಸಾ. "ಕೂರೋಕಾಗ್ದಿದ್ರೆ ನಿಂತ್ಕೊಂಡೇ ಕೇಳಿಸ್ಕೋತೀನಿ."

ನನ್ನ ಪಕ್ಕದಲ್ಲಿದ್ದ ವೆಂಡಲ್‌ನ ತಾಯಿ ನನ್ನ ಮುಂಗೈ ಹಿಡಿದಳು, ಅವಳ ಉಗುರು ಚುಚ್ಚಿತು. ಜಡ್ಜ್ ಮುಖ ಕೆಂಪಾಗಿಸಿಕೊಂಡು ಕೂರಲು ಸನ್ನೆ ಮಾಡಿದರು. ಏಸಾ ಜ್ಯೂರಿಯವರ ಸಾಲಿಗೆ ಹೋಗಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತ. ಅಕ್ಕಪಕ್ಕದವರು ಮೊಣಕಾಲು ಸರಿಸಿಕೊಂಡರು. ಕೆಳಗೆ ವೆಂಡಲ್ ಮೊದಲ ಸಲ ತಲೆಯೆತ್ತಿದ.

ಬೇಡವೆನಿಸಿದವನನ್ನು ಜ್ಯೂರಿಯಿಂದ ತೆಗೆಸುವ ಹಕ್ಕು ವಕೀಲರಿಗಿತ್ತು. ಸರ್ಕಾರಿ ವಕೀಲ ಪೂರ್ತಿ ಎದ್ದೂ ನಿಲ್ಲಲಿಲ್ಲ. "ಇವನು ನಮಗೆ ಬೇಡ," ಎಂದ.

ವೆಂಡಲ್‌ನ ಪರವಾಗಿ ಅಟ್ಲಾಂಟಾದಿಂದ ಬಂದಿದ್ದ ವಕೀಲ ಎದ್ದ. "ಪಿಟ್‌ಮನ್ ಅವರು ಯಾಕೆ ಬೇಡ ಅಂತ ಹೇಳಲಿ. ಅದು ದಾಖಲಾಗಲಿ. ನಾಳೆ ಮೇಲಿನ ಕೋರ್ಟು ಕೇಳುತ್ತೆ."

"ಕಾರಣ ಕೊಡಬೇಕಂತ ಕಾನೂನಿಲ್ಲ," ಎಂದರು ಜಡ್ಜ್. "ನೀನು ಮನೆಗೆ ಹೋಗು ಏಸಾ."

ಅಷ್ಟೇ. ಕೂತ ಕುರ್ಚಿ ಬೆಚ್ಚಗಾಗುವಷ್ಟು ಹೊತ್ತೂ ಆಗಿರಲಿಲ್ಲ. ನನಗೆ ಮಾತ್ರ ಹೋದ ಜೀವ ಬಂದಂತಾಯಿತು. ಬೇಡ ಎಂದವರು ಅವರೇ ತಾನೇ, ಇನ್ನು ನಮ್ಮ ಮೇಲೆ ಸಿಟ್ಟೇಕೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ನಮ್ಮ ಬೀದಿಯಲ್ಲಿ ಹಾಡುಹಗಲೇ ಎಲ್ಲರ ಬಾಗಿಲೂ ಮುಚ್ಚಿತ್ತು. ಜಗಲಿಗಳಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಮನೆಯ ಬಾಗಿಲು ಮಾತ್ರ ತೆರೆದಿತ್ತು.

ಏಸಾನ ಕುರ್ಚಿ ಅಂಗಳದ ಮಧ್ಯೆ ನಿಂತಿತ್ತು, ಬೀದಿಗೆ ಮುಖ ಮಾಡಿಕೊಂಡು. ದಿಂಬನ್ನು ಮೇಲಿನಿಂದ ಕೆಳಗಿನವರೆಗೆ ಚಾಕುವಿನಿಂದ ಸೀಳಿದ್ದರು. ಒಳಗೆ ಬೇರೇನನ್ನೂ ಮುಟ್ಟಿರಲಿಲ್ಲ. ಬೀದಿಯ ತಿರುವಿನಲ್ಲಿ ಆ ಹಸಿರು ಟ್ರಕ್ಕು ಇಂಜಿನ್ ಆರಿಸದೆ ನಿಂತಿತ್ತು.

"ಒಳಗೆ ಬಾ ಏಸಾ," ಎಂದೆ. "ದಮ್ಮಯ್ಯ, ಒಳಗೆ ಬಾ."

ಅವನು ಹೊರಬಂದಿದ್ದ ಹತ್ತಿಯನ್ನು ದಿಂಬಿನೊಳಗೆ ತುರುಕಿದ, ಕೈಯಿಂದ ತಟ್ಟಿ ಸರಿಮಾಡಿದ. ಆಮೇಲೆ ಬೀದಿಗೆ ಮುಖ ಮಾಡಿ ಆ ಕುರ್ಚಿಯಲ್ಲೇ ಕೂತ.

"ನೀನು ಒಳಗೆ ಹೋಗು ವರ್ಡೆಲ್. ನಂಗೆ ಸ್ವಲ್ಪ ಬೆನ್ನು ನೋಯ್ತಾ ಇದೆ."

ನಾನು ಒಳಗೆ ಹೋದೆ. ಅಡುಗೆಮನೆಯ ಸ್ಟೂಲು ಎತ್ತಿಕೊಂಡು ಮತ್ತೆ ಹೊರಗೆ ಬಂದು ಅವನ ಪಕ್ಕದಲ್ಲಿ ಹಾಕಿಕೊಂಡೆ. ಮೊಣಕಾಲು ನಡುಗುವುದು ಟ್ರಕ್ಕಿನವರಿಗೆ ಕಾಣಬಾರದೆಂದು ಎರಡರ ಮೇಲೂ ಕೈ ಒತ್ತಿಕೊಂಡು ಕೂತೆ.