ಬ್ಯಾಟರಿ ಡಬ್ಬಿಯ ನೀರು

"ಏ ಹರಾಮ್‌ಖೋರ್, ಕೈಗೇನು ಲಕ್ವಾ ಹೊಡೀತಾ? ತೋಡ್, ಜಲ್ದಿ ತೋಡ್!"

ಘಾಜಿಯಾಬಾದಿನ ಆ ತಗಡಿನ ಶೆಡ್ಡಿನಲ್ಲಿ ಸೇಠನ ಬೈಗುಳವಿಲ್ಲದೆ ಯಾವ ಬ್ಯಾಟರಿಯೂ ಒಡೆಯುತ್ತಿರಲಿಲ್ಲ. ಗಿರಿಜಮ್ಮ ಕೊಡಲಿ ಬೀಸಿದಳು. ಆಸಿಡ್ ಮೋರಿಗೆ ಹರಿಯಿತು. ಒಳಗಿನ ಸೀಸದ ತಟ್ಟೆಗಳನ್ನು ಬರಿಗೈಯಲ್ಲೇ ಕಿತ್ತು ಭಟ್ಟಿಯ ಕಡೆ ಎಸೆದಳು. ಖಾಲಿ ಡಬ್ಬಿ ಉರುಳಿದಾಗ ಅವಳೊಬ್ಬಳಿಗೇ ಮತ್ತೆ ಅದೇ ಸದ್ದು ಕೇಳಿಸಿತು, ಲೋಟ ತಳ ಕೆರೆಯುವ ಸದ್ದು.

ಅದು ಸುಶೀಲಾಳ ಲೋಟ. ಹೋದ ಚಳಿಗಾಲದಲ್ಲಿ ಸತ್ತ ಹಿರಿಮಗಳು. ಗುಲ್ಬರ್ಗದಿಂದ ಹೊಟ್ಟೆಪಾಡಿಗೆ ಬಂದವರ ಬಳಿ ಕೊಡಪಾನ ಎಲ್ಲಿಂದ ಬರಬೇಕು? ಶೆಡ್ಡಿನವರೆಲ್ಲ ಮಾಡುವಂತೆ ಇವಳೂ ಒಂದು ಒಡೆದ ಬ್ಯಾಟರಿಯ ಡಬ್ಬಿಯನ್ನು ಬೂದಿ ಹಾಕಿ ಗಸಗಸ ತಿಕ್ಕಿ, ಕುಡಿಯುವ ನೀರು ತುಂಬಿಟ್ಟಿದ್ದಳು. ಸುಶೀಲಾ ಲೋಟದಿಂದ ಅದರ ತಳ ಕೆರೆದು ಮೊಗೆದು ಕುಡಿಯುತ್ತಿದ್ದಳು. ತಿಕ್ಕಿದ್ದೇ ತಿಕ್ಕಿದ್ದು, ಅಯ್ಯೋ! ಸೀಸ ಬೂದಿಗೆ ಹೆದರುತ್ತದೆಯೇ? ಮಗು ಹೊಟ್ಟೆ ಹಿಡಿದುಕೊಂಡು ಒದ್ದಾಡಿ ಹೋಯಿತು. ಈಗ ಚಿಕ್ಕವಳು ಅಹಲ್ಯಾಳೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಡಬ್ಬಿಯನ್ನೇನೋ ಮೂಲೆಗೆ ಎಸೆದದ್ದಾಯಿತು, ಆದರೆ ಮೋರಿ ಪಕ್ಕದ ಕೈಪಂಪಿನಲ್ಲೂ ಬರುವುದು ಅದೇ ವಿಷ. ಒಳ್ಳೆಯ ನೀರಿನ ನಲ್ಲಿ ಸೇಠನ ಕೋಣೆಯಲ್ಲಿತ್ತು, ಕೋಣೆಗೆ ಬೀಗವಿತ್ತು.

ಮಧ್ಯಾಹ್ನ ಒಂದು ಟೆಂಪೋ ಹಳೆಯ ಬ್ಯಾಟರಿ ಹೇರಿಕೊಂಡು ಬಂತು. ಹಿಂದೆಯೇ ಚಾಣಕ್ಯಪುರಿಯ ಆಫೀಸರ್ ಗೋಪಿನಾಥ, ತನ್ನ ಪುಟ್ಟ ಕರೆಂಟಿನ ಕಾರಿನಲ್ಲಿ. ಹೊಗೆಯಿಲ್ಲ, ಸದ್ದಿಲ್ಲ, ದಿಲ್ಲಿಯ ಗಾಳಿಗೆ ಇದೇ ಮದ್ದು ಎಂದು ಸೇಠನಿಗೆ ಹಿಂದಿಯಲ್ಲಿ ಕೊಚ್ಚಿಕೊಂಡ. ಆಮೇಲೆ ಮೊಬೈಲಿನಲ್ಲಿ ಹೆಂಡತಿಗೆ ಕನ್ನಡದಲ್ಲಿ ಹೇಳಿದ:

"ಹೂಂ ಜಲಜಾ, ಕಾರಿನ ಹಳೇ ಬ್ಯಾಟರಿ ಕೊಟ್ಟು ಬರ್ತೀನಿ. ಥೂ, ಏನು ಗಬ್ಬು ಜಾಗ ಅಂತೀಯಾ!"

ಕನ್ನಡ ಕಿವಿಗೆ ಬಿದ್ದದ್ದೇ ತಡ, ಗಿರಿಜಮ್ಮ ಕೊಡಲಿ ಬಿಟ್ಟು ಓಡಿದಳು.

"ಸಾಯೇಬ್ರ, ನೀವು ನಮ್ಮ ಕಡೀಯವ್ರು. ಈ ಭಾಡ್ಯಾ ಸೇಠಗ ಒಂದ್ ಮಾತ್ ಹೇಳ್ರಿ. ನನ್ ಕೂಸಿಗಿ ನಳದ ನೀರ್ ಕೊಡ್ಲಿ. ಹಿರೇದು ಸತ್ತದ, ಇದೂ ಸಾಯ್ತದ್ರಿ."

"ಏಯ್, ಮುಟ್ಟಬೇಡ! ಕೈಯೆಲ್ಲ ಸೀಸ!" ಗೋಪಿನಾಥ ಹಿಂದೆ ಜಿಗಿದ. "ಅದೆಲ್ಲ ನೀವ್ ನೀವೇ ನೋಡ್ಕೋಬೇಕಮ್ಮ." ಸೇಠನ ಕಡೆ ತಿರುಗಿದ. "ಭಯ್ಯಾ, ಪಾನಿ ಮಿಲೇಗಾ?"

ಸೇಠ ಗಿರಿಜಮ್ಮನತ್ತ ಬೀಗದ ಕೈ ಎಸೆದ. "ಸಾಬ್‌ಗೆ ನಲ್ಲಿ ನೀರು ತಾ. ಗ್ಲಾಸು ಚೆನ್ನಾಗಿ ತೊಳಿ, ಸಮ್ಝೀ?"

ಗಿರಿಜಮ್ಮ ಶೆಡ್ಡಿನಲ್ಲಿ ಮಲಗಿದ್ದ ಮಗಳನ್ನು ಎತ್ತಿಕೊಂಡು ಹೋಗಿ ಕೋಣೆ ತೆರೆದಳು. ನಲ್ಲಿ ತಿರುಗಿಸಿ, ಅಹಲ್ಯಾಳನ್ನು ಅದರ ಕೆಳಗೆ ಕೂರಿಸಿದಳು. ಮಗು ಬಾಯಿ ಹಚ್ಚಿ ಗಟಗಟನೆ ಕುಡಿಯಿತು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದು, ಮೂಲೆಯಲ್ಲಿ ಬಿದ್ದಿದ್ದ ಆ ಡಬ್ಬಿಯನ್ನೇ ಎತ್ತಿಕೊಂಡಳು. ಕೈಪಂಪಿನಲ್ಲಿ ಒಂದಿಷ್ಟು ನೀರು ಹಿಡಿದಳು. ತಂದು ಕಾರಿನ ಬಾನೆಟ್ಟಿನ ಮೇಲೆ ಧಡ್ಡನೆ ಇಟ್ಟಳು.

"ಬೂದಿ ಹಾಕಿ ತಿಕ್ಕೀನ್ರಿ ಸಾಯೇಬ್ರ. ಕುಡೀರಿ."

"ತೇರಿ ಮಾ ಕೀ..." ಸೇಠ ಕೈಯೆತ್ತಿದ, ಹತ್ತಿರ ಬರಲಿಲ್ಲ. ಶೆಡ್ಡಿನಲ್ಲಿ ಉಳಿದವರ ಕೊಡಲಿಗಳು ಒಂದೊಂದಾಗಿ ನಿಂತವು.

ಗಿರಿಜಮ್ಮ ಸದಾ ಸೆರಗಿನಲ್ಲೇ ಕಟ್ಟಿಕೊಂಡಿರುತ್ತಿದ್ದ ಸುಶೀಲಾಳ ಲೋಟವನ್ನು ತೆಗೆದು ಡಬ್ಬಿಗೆ ಇಳಿಸಿದಳು. ಲೋಟ ತಳ ಕೆರೆಯಿತು. ಈ ಸಲ ಆ ಸದ್ದು ಎಲ್ಲರಿಗೂ ಕೇಳಿಸಿತು.